ಒದೆಯುವ ಗೇರ್‌ಬಾಕ್ಸ್

ಲ್ಯಾಡ್ ಕುಚೇರಾನ ಹಳೆಯ ಪಿಕಪ್ ಟ್ರಕ್ಕು ಟೋ ಗಾಡಿಯ ಕೊಕ್ಕೆಗೆ ನೇತುಬಿದ್ದು ಮತ್ತೆ ರಿಪೇರಿ ಅಂಗಡಿಯ ಅಂಗಳಕ್ಕೆ ಬಂತು. ಅದನ್ನು ಕಂಡದ್ದೇ ವೇಡ್ ಟಿಮರ್ಮನ್ ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಎಸೆದ. ಇದು ಮೂರನೇ ಸಲ.

ಮುದುಕ ಲ್ಯಾಡ್ ಟೋ ಗಾಡಿಯಿಂದ ಇಳಿಯುವ ಮೊದಲೇ ಶುರುಮಾಡಿದ್ದ.

"ಲೋ ವೇಡ್, ನೀನು ಹಾಕಿದ್ದು ಗೇರ್‌ಬಾಕ್ಸೋ, ಹೇಸರಗತ್ತೆಯೋ? ಗೇರು ಬಿದ್ದಾಗಲೆಲ್ಲ ಸೊಂಟಕ್ಕೆ ಒದೀತದೆ!"

"ಹೋದ ಸಲ ಸರಿಯಾಗೇ ಕೊಟ್ಟಿದ್ದೆ, ಯಜಮಾನ್ರೇ."

"ಸರಿಯಾಗಿ ಕೊಟ್ಟಿದ್ರೆ ನಿನ್ನ ಮುಖ ನೋಡೋಕೆ ನಾನ್ಯಾಕೆ ಬರ್ತಿದ್ದೆ?"

ಒದೆಯುವ ಗಾಡಿಯನ್ನೂ ಓಡಿಸಿಕೊಂಡು ಬರಬಹುದಿತ್ತು. ಆದರೆ ಲ್ಯಾಡ್ ಪ್ರತಿಸಲವೂ ಎಳೆಸಿಕೊಂಡೇ ಬರುತ್ತಿದ್ದ, ಅದೂ ಊರ ನಡುವಿನ ರಸ್ತೆಯಲ್ಲೇ. ಎಲ್ಲರೂ ನೋಡಲಿ ಅಂತಲೇ ಹೀಗೆ ಮಾಡುತ್ತಾನೆ ಎಂದು ವೇಡ್ ಹಲ್ಲು ಕಚ್ಚಿದ.

ಬೇಸಿಗೆಯಲ್ಲಿ ಗಾಡಿಯ ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸು ಸುಟ್ಟುಹೋಗಿತ್ತು. ವೇಡ್ ಬೇರೊಂದನ್ನು ತರಿಸಿ, ಪೂರ್ತಿ ಬಿಚ್ಚಿ, ಒಳಗಿನದನ್ನೆಲ್ಲ ಹೊಸದಾಗಿ ಜೋಡಿಸಿ ಕೂರಿಸಿದ್ದ. ಅಂದಿನಿಂದ ನೆಮ್ಮದಿಯಿಲ್ಲ. ನೆಬ್ರಾಸ್ಕಾದ ಆ ಸಣ್ಣ ಊರಿನಲ್ಲಿ ಯಾರ ಮಾನ ಎಷ್ಟು ಎಂದು ತೀರ್ಮಾನವಾಗುವುದು ರೈತರ ಧಾನ್ಯದ ಸಹಕಾರ ಸಂಘದ, ಅಂದರೆ ಕೋ-ಆಪ್‌ನ, ಕಾಫಿ ಮೇಜಿನ ಸುತ್ತ. ಅಲ್ಲಿ ಕೂತು ಲ್ಯಾಡ್ ದಿನವೂ ಒಂದೇ ಮಾತು ಹೇಳುತ್ತಿದ್ದ: ವೇಡ್ ಹಾಕುವುದೆಲ್ಲ ಗುಜರಿ ಮಾಲು. ವೇಡ್‌ನ ಹಳೆಯ ಗಿರಾಕಿಗಳಾದ ಹ್ರುಸ್ಕಾ ಅಣ್ಣತಮ್ಮಂದಿರು ಆಗಲೇ ತಮ್ಮ ಗಾಡಿಗಳನ್ನು ಪಕ್ಕದೂರಿಗೆ ಒಯ್ದಿದ್ದರು.

ಹಿಂದೆಯೇ ತನ್ನ ಕಾರಿನಲ್ಲಿ ಮುದುಕನ ಮಗಳು ಡೋರೀನ್ ಬಂದಿಳಿದಳು. ಕೈಕಟ್ಟಿ ನಿಂತಳು. ವೇಡ್‌ಗೆ ನಮಸ್ಕಾರವೂ ಇಲ್ಲ.

ವೇಡ್ ಎಣ್ಣೆ ನೋಡಿದ. ಮಟ್ಟ ಸರಿಯಿತ್ತು, ಬಣ್ಣ ಕೆಂಪಗೇ ಇತ್ತು, ಸುಟ್ಟ ವಾಸನೆಯಿಲ್ಲ. ಒತ್ತಡದ ಮೀಟರು ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದ. ಮುಳ್ಳು ಇರಬಾರದಷ್ಟು ಮೇಲೇರಿತು. ಅಲ್ಲಿಗೆ ಅರ್ಥವಾಯಿತು. ಬಾನೆಟ್ಟಿನೊಳಗೆ ಬಗ್ಗಿದ.

ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ಒಂದು ಗಾಳಿ ಪೈಪು ಹೋಗುತ್ತದೆ. ಎಂಜಿನ್ ಎಷ್ಟು ಭಾರ ಎಳೆಯುತ್ತಿದೆ ಎಂದು ಗೇರ್‌ಬಾಕ್ಸಿಗೆ ತಿಳಿಯುವುದು ಅದರಿಂದ. ಅದು ಕಳಚಿದರೆ ಗೇರು ತಡವಾಗಿ ಬೀಳುತ್ತದೆ, ಬೀಳುವಾಗ ಒದೆಯುತ್ತದೆ. ಮೊದಲ ಸಲ ಪೈಪು ಕಳಚಿತ್ತು, ಸಿಕ್ಕಿಸಿದ್ದ. ಎರಡನೇ ಸಲವೂ ಕಳಚಿತ್ತು, ಸ್ಕ್ರೂ ಇರುವ ಕ್ಲಾಂಪು ಹಾಕಿ ಬಿಗಿದಿದ್ದ. ಈಗ ಆ ಸ್ಕ್ರೂವನ್ನು ನೀಟಾಗಿ ಸಡಿಲಿಸಿ ಕ್ಲಾಂಪನ್ನು ಕೆಳಗೆ ಜಾರಿಸಲಾಗಿತ್ತು.

ಅಲುಗಾಟಕ್ಕೆ ಪೈಪು ಕಳಚಬಹುದು. ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ವೇಡ್ ತಲೆಯೆತ್ತಿ ಡೋರೀನ್‌ಳನ್ನು ನೋಡಿದ. ಚರ್ಚಿನ ಊಟದ ದಿನ ಇಡೀ ಊರಿನ ಎದುರು ಅವಳು ಅಪ್ಪನ ಮುಂದೆ ಕೈಚಾಚಿದ್ದಳು. "ಕೀ ಕೊಡಪ್ಪಾ. ಯಾರನ್ನಾದ್ರೂ ಕೊಲ್ಲೋ ಮೊದಲೇ ಕೊಟ್ಬಿಡು." ಲ್ಯಾಡ್ ಗಸಗಸೆ ತುಂಬಿದ ಕೊಲಾಚಿ ಬನ್ನುಗಳ ತಟ್ಟೆಯನ್ನು ನೆಲಕ್ಕೆ ಬೀಸಿ ಒಗೆದಿದ್ದ. "ನನ್ನ ಹೆಣದ ಜೇಬಿಂದ ತಗೊಳ್ಳೇ!"

ವೇಡ್ ಅವಳನ್ನು ಟೈರುಗಳ ಹಿಂದಕ್ಕೆ ಕರೆದ.

"ಸ್ಕ್ರೂಡ್ರೈವರ್ ಕಾರಲ್ಲೇ ಇಟ್ಕೊಂಡಿದೀರಾ?"

"ಏನಂದ್ರಿ?"

"ಅಪ್ಪ ಗಾಡಿ ಓಡಿಸಬಾರ್ದು ಅಂದ್ರೆ ಕೀ ಕಿತ್ಕೊಳ್ಳಿ. ನನ್ನ ಅಂಗಡಿ ಮರ್ಯಾದೆ ಯಾಕೆ ಕಳೀತೀರಾ?"

ಅವಳ ಮುಖ ಕೆಂಪಾಯಿತು. "ನಾನು ಹೇಳೋದಿದ್ರೆ ಮುಖದ ಮೇಲೇ ಹೇಳ್ತೀನಿ. ಊರೆಲ್ಲಾ ಕೇಳಿಸ್ಕೊಂಡಿದೆ, ಸಾಲ್ದಾ? ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನಿ. ಈ ಕಳ್ಳಾಟ ನನ್ನ ತಲೆಗೆ ಕಟ್ಬೇಡಿ."

ವೇಡ್ ನಂಬಲಿಲ್ಲ. ಪೈಪು ಕೂರಿಸಿ, ಹೊಸ ಕ್ಲಾಂಪು ಬಿಗಿದು, ಮೇಲೆ ತಂತಿ ಸುತ್ತಿ ತಿರುಚಿದ. ಮುದುಕನ ಮುಂದೆ ಕೀ ಹಿಡಿದ.

"ಬನ್ನಿ, ನೀವೇ ಓಡಿಸಿ. ಒದ್ದರೆ ಅಂಗಡಿಗೆ ಬೀಗ ಹಾಕ್ತೀನಿ. ಒದೀದಿದ್ರೆ ಕೋ-ಆಪ್‌ನಲ್ಲಿ ಎಲ್ಲರೆದುರು ನನ್ನ ಕ್ಷಮೆ ಕೇಳ್ಬೇಕು."

"ನೀನೇ ಓಡಿಸು. ನಂಗೆ ಸೊಂಟ ಹಿಡಿದಿದೆ."

"ಇಲ್ಲ. ನೀವೇ."

"ಬೇಡಪ್ಪಾ!" ಡೋರೀನ್ ಕೂಗಿದಳು. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡ ವೇಡ್.

ಮಗಳ ಕೂಗು ಕಿವಿಗೆ ಬಿದ್ದದ್ದೇ ಮುದುಕ ಕೀ ಕಸಿದುಕೊಂಡು ಹತ್ತಿ ಕೂತ. ವೇಡ್ ಪಕ್ಕದ ಸೀಟಿಗೆ ಹತ್ತಿದ.

ಗೇರುಗಳು ಒಂದರ ಹಿಂದೊಂದು ಬೆಣ್ಣೆಯಂತೆ ಬಿದ್ದವು. ಕುಯ್ದ ಜೋಳದ ಹೊಲಗಳ ನಡುವೆ ಗಾಡಿ ನಿಶ್ಶಬ್ದವಾಗಿ ಓಡಿತು. "ಒದೀತಾ?" ವೇಡ್ ಕೆಣಕಿದ. "ಹೇಳಿ ಯಜಮಾನ್ರೇ, ಎಲ್ಲಿ ಒದೀತು?" ಮುದುಕ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದ.

ಹೆದ್ದಾರಿ ಸೇರುವಲ್ಲಿ ನಿಲ್ಲಬೇಕೆಂಬ ಕೆಂಪು ಫಲಕವಿತ್ತು. ಲ್ಯಾಡ್ ನಿಲ್ಲಿಸಲಿಲ್ಲ. ಎಡಗಡೆಯಿಂದ ದನ ತುಂಬಿದ ಲಾರಿಯೊಂದು ಹಾರ್ನ್ ಒತ್ತುತ್ತಲೇ ನುಗ್ಗಿ ಬಂತು. ವೇಡ್ ಮುದುಕನ ಮೈಮೇಲೆ ಬಿದ್ದು ಸ್ಟಿಯರಿಂಗನ್ನು ಬಲಕ್ಕೆ ಎಳೆದ. ಪಿಕಪ್ಪು ಹುಲ್ಲಿನ ಹಳ್ಳಕ್ಕಿಳಿದು ನಿಂತಿತು. ಲಾರಿಯ ಗಾಳಿಗೆ ಬಾಗಿಲುಗಳು ನಡುಗಿದವು.

"ಕಣ್ಣು ಕಾಣಲ್ವೇನ್ರೀ!"

"ಎಡಗಡೆಯಿಂದ ಬಂತಾ?" ಮುದುಕ ಕೇಳಿದ. ಉತ್ತರಕ್ಕೆ ಕಾಯಲಿಲ್ಲ. "ಎಡಗಡೆಯದು ಏನೂ ಕಾಣಲ್ಲ."

ವೇಡ್ ಕೈಚಾಚಿ ಎಂಜಿನ್ ಆರಿಸಿದ. "ನಿಮ್ಮ ಮಗಳು ಆ ಪೈಪು ಕಿತ್ತಿದ್ದೇ ಸರಿ."

"ಅವಳ ಸುದ್ದಿಗೆ ಹೋಗ್ಬೇಡ." ಮುದುಕ ಗದರಿದ. "ಅವಳಿಗೆ ಬಾನೆಟ್ ಎತ್ತೋಕೂ ಬರಲ್ಲ. ಕಿತ್ತಿದ್ದು ನಾನು. ಗಾಡಿ ಕೆಟ್ಟಿದ್ರೆ ಯಾಕೆ ಓಡಿಸಲ್ಲ ಅಂತ ಯಾರೂ ಕೇಳಲ್ಲ."

ವೇಡ್‌ಗೆ ಸಿಟ್ಟು ಒಮ್ಮೆಲೇ ಉಕ್ಕಿತು. "ಅದಕ್ಕೆ ನನ್ನ ಮಾನ ತೆಗೆದ್ರಾ? ಊರಿಡೀ?"

"ಒಬ್ಬರದ್ದು ಹೋಗ್ಲೇಬೇಕಿತ್ತು," ಎಂದ ಲ್ಯಾಡ್. "ನಂದು ಹೋಗೋದು ಬೇಡ ಅನ್ನಿಸ್ತು."

ಸೀಟು ಬದಲಿಸಿಕೊಂಡರು. ವೇಡ್ ಗಾಡಿಯನ್ನು ಹಳ್ಳದಿಂದ ಹತ್ತಿಸಿ ಊರ ಕಡೆ ತಿರುಗಿಸಿದ.

ಅಂಗಡಿಯ ಮುಂದೆ ಡೋರೀನ್ ಓಡಿ ಬಂದಳು. ಟೋ ಗಾಡಿಯವನು ಇನ್ನೂ ಅಲ್ಲೇ ಇದ್ದ. ಕೋ-ಆಪ್‌ನಿಂದ ಇನ್ನಿಬ್ಬರು ತಮಾಷೆ ನೋಡಲು ಬಂದು ನಿಂತಿದ್ದರು.

"ಏನಾಯ್ತು? ದೋಷ ಎಲ್ಲಿದೆ ಅಂತ ಗೊತ್ತಾಯ್ತಾ?" ಡೋರೀನ್ ಕೇಳಿದಳು.

ವೇಡ್ ಮುದುಕನ ಕಡೆ ತಿರುಗಿದ. ಮುದುಕ ದವಡೆ ಬಿಗಿದು, ಏಟಿಗೆ ಸಿದ್ಧನಾದವನಂತೆ ನೆಟ್ಟಗೆ ಕೂತಿದ್ದ.

"ಗೊತ್ತಾಯ್ತು," ಎಂದ ವೇಡ್ ಕೀಯನ್ನು ತನ್ನ ಜೇಬಿಗಿಳಿಸುತ್ತಾ, ಎಲ್ಲರಿಗೂ ಕೇಳುವಂತೆ. "ನಾನು ಹಾಕಿದ ಗೇರ್‌ಬಾಕ್ಸೇ ಸರಿಯಿಲ್ಲ. ತಪ್ಪು ನನ್ನದೇ. ಈ ಗಾಡಿ ಇನ್ನು ಓಡಲ್ಲ."