ಹಿಂದಿನ ಸೀಟು

ಸೀರೆ ಗಾರ್ಡಿನ ಕೊನೆಯ ಬೋಲ್ಟಿಗೆ ಪಾನಾ ಹಾಕಿದ ಸಲಾವುದ್ದೀನ ಒಮ್ಮೆ ತಲೆ ಎತ್ತಿ ನೋಡಿದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದೆ ಗ್ಯಾರೇಜು ಇಟ್ಟ ಇಷ್ಟು ವರ್ಷಗಳಲ್ಲಿ, ಹೆಣ್ಣುಮಕ್ಕಳ ಸೆರಗು ಗಾಲಿಗೆ ಸಿಗದಿರಲೆಂದು ಆ ಕಬ್ಬಿಣದ ಚೌಕಟ್ಟನ್ನು ಎಷ್ಟೋ ಗಾಡಿಗಳಿಗೆ ಕೂರಿಸಿಕೊಟ್ಟಿದ್ದ. ಹೆಣ್ಣುಮಗಳೊಬ್ಬಳು ಹೇಳಿದಳೆಂದು ತೆಗೆಯುತ್ತಿರುವುದು ಮಾತ್ರ ಇದೇ ಮೊದಲು.

"ಖರೇನ ತೆಗೀಲೇನ್ರಿ ಅಕ್ಕಾರ?"

"ತೆಗೀರಿ. ನಾ ಚೂಡಿದಾರ ಹೊಲಿಸೇನಿ," ಎಂದಳು ಶ್ರೀದೇವಿ. "ಅದರ ಭಾರ ಯಾಕ ಹೊತ್ಕೊಂಡು ಹೋಗೂದು?"

ಬರುವ ಭಾನುವಾರ ಹಾವೇರಿಯಿಂದ ಹೊರಟು ಕೊಲ್ಲಾಪುರ ಮುಟ್ಟಿ, ಎಲ್ಲೂ ತಂಗದೆ ಅದೇ ರಾತ್ರಿಯೊಳಗೆ ಹಾವೇರಿಗೆ ಮರಳಬೇಕು. ನೂರು ಸಿಸಿ ಗಾಡಿಗಳಿಗೆಂದೇ ಹಾವೇರಿಯ ಕೆಲವು ಹುಡುಗರು ಏರ್ಪಡಿಸಿದ್ದ ಸವಾರಿ ಅದು. ಯಾರು ಮೊದಲು ಬಂದರು ಎಂಬ ಲೆಕ್ಕವಿಲ್ಲ. ಉದ್ದಕ್ಕೂ ಗಾಡಿ ಹೊಡೆಯುವವರು ಒಬ್ಬರೇ ಇರಬೇಕು, ಜೊತೆಗೊಬ್ಬರು ಹಿಂದೆ ಕೂತರೆ ಅಡ್ಡಿಯಿಲ್ಲ, ಗಾಡಿ ಕೆಡದೆ ಮರಳಿ ಬಂದರೆ ಸಾಕು. ಹೈವೇ ಆಗಷ್ಟೇ ನಾಲ್ಕು ಪಥವಾಗಿತ್ತು. ಶ್ರೀದೇವಿ ಯಾರನ್ನೂ ಕೇಳದೆ ಹೆಸರು ಕೊಟ್ಟು ಬಂದಿದ್ದಳು.

ಮದುವೆಯಾದಾಗಿನಿಂದ ಹನ್ನೊಂದು ವರ್ಷ ಈ ಗಾಡಿಯ ಹಿಂದಿನ ಸೀಟಿನಲ್ಲಿ ಎಡಕ್ಕೆ ಕಾಲು ಇಳಿಬಿಟ್ಟು ಕೂತವಳು ಅವಳು. ಹಾವೇರಿಗೆ ಹೋದರೂ ರಸ್ತೆಯ ಎಡಬದಿ, ರಾಣೇಬೆನ್ನೂರಿಗೆ ಹೋದರೂ ಎಡಬದಿ. ಬಲಕ್ಕೆ ಏನಿತ್ತು ಎಂಬುದು ಮರಳಿ ಬರುವಾಗ ತಿಳಿಯುತ್ತಿತ್ತು. ಮುಂದೆ ಏನಿದೆ ಎಂದು ಕತ್ತು ತಿರುಗಿಸಿದರೆ ಗಂಡನ ಬೆನ್ನು. ಕಳೆದ ಬೇಸಿಗೆಯಲ್ಲಿ ಪೇಟೆಗೆ ರಜೆಯಿದ್ದ ಒಂದು ದಿನ ಗಂಡ ಪ್ರವೀಣಕುಮಾರ ತಮಾಷೆಗೆಂದು ಹ್ಯಾಂಡಲ್ಲು ಅವಳ ಕೈಗೆ ಕೊಟ್ಟ. ಅಂದು ಮೊದಲ ಸಲ ಎಡ, ಬಲ, ನಡು ಎಲ್ಲವೂ ಒಟ್ಟಿಗೆ ಅವಳ ಕಣ್ಣೆದುರಿಗೆ ಬಂದವು. ಆ ಸುಖವನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಬಿಟ್ಟುಕೊಡಲೂ ಇಲ್ಲ. ಲೈಸೆನ್ಸು ಮಾಡಿಸಿಕೊಂಡಳು, ಒಬ್ಬಳೇ ಕಾಗಿನೆಲೆಗೆ ಹೋಗಿ ಬಂದಳು. ಈಗ ಕೊಲ್ಲಾಪುರ ಎಂದಾಗ ಗಂಡ, ತನ್ನ ಅಪ್ಪ ಒಪ್ಪಿದರೆ ತನ್ನ ಅಡ್ಡಿಯೇನೂ ಇಲ್ಲ ಎಂದಿದ್ದ. ಆ ಪುಣ್ಯಾತ್ಮ ಮದುವೆಗೆ ಒಪ್ಪಿದ್ದೂ ಅದೇ ಮಾತಿನಲ್ಲಿ.

ಸಲಾವುದ್ದೀನ ಗಾರ್ಡು ಬಿಚ್ಚಿ ಗೋಡೆಗೆ ಆನಿಸಿದ. ಚೈನು, ಕೇಬಲ್ಲು, ಹಿಂದಿನ ಟೈರು ಎಲ್ಲ ಹೊಸದಾಗಿದ್ದವು, ಕಾರ್ಬೋರೇಟರ್ ತೊಳೆದಾಗಿತ್ತು. ಉಳಿದದ್ದು ಏರ್ ಫಿಲ್ಟರ್. ಅದನ್ನು ಹೊರತೆಗೆದು ಕಲ್ಲಿಗೆ ಕುಟ್ಟಿದ್ದೇ ತಡ, ವರ್ಷಗಟ್ಟಲೆ ಸೇರಿಕೊಂಡಿದ್ದ ಮೆಣಸಿನಕಾಯಿ ಧೂಳು ಎದ್ದು ಇಬ್ಬರೂ ಸೀನತೊಡಗಿದರು. ಇಷ್ಟು ಘಾಟು ಕುಡಿದು ಓಡಿದ ಗಾಡಿಗೆ ಕೊಲ್ಲಾಪುರ ಯಾವ ಲೆಕ್ಕ ಎಂದ ಸಲಾವುದ್ದೀನ. ತಮ್ಮ ಗಾಡಿಗಾಗಿ ಬಾಕಿನ ಮೇಲೆ ಕಾಯುತ್ತಿದ್ದ ಗುತ್ತಲದ ಇಬ್ಬರು ರೈತರು ಸೀನುತ್ತಲೇ ನಕ್ಕರು.

ಆ ಸೀನಿನ ನಡುವೆಯೇ ಮಾವ ಪ್ರಭುಲಿಂಗಪ್ಪ ಬಂದು ನಿಂತರು. ಬಿಳಿ ಧೋತರ, ಬಿಳಿ ಟೋಪಿ, ಮೆಣಸಿನಕಾಯಿ ಪೇಟೆಯಲ್ಲಿ ಹಳೆಯ ದಲಾಲಿ ಅಂಗಡಿಯವರು. ಆಡಿದ ಮಾತು ತಿರುಗಿಸಿದವರಲ್ಲ ಎಂದು ಅವರಿಗೆ ಹೆಸರಿತ್ತು. ಆ ಹೆಸರನ್ನು ಅವರೇ ಆಗಾಗ ನಾಲ್ಕು ಜನಕ್ಕೆ ನೆನಪಿಸುತ್ತಿದ್ದದ್ದೂ ಉಂಟು. ಶ್ರೀದೇವಿ ರೂಢಿಯಂತೆ ಸೆರಗು ತಲೆಯ ಮೇಲೆ ಎಳೆದುಕೊಂಡಳು, ಕೈಯ ಗ್ರೀಸು ಸೆರಗಿಗೆ ಹತ್ತಿತು.

ಮಾವ ದನಿ ಏರಿಸಲಿಲ್ಲ. ದಾರಿಯಲ್ಲಿ ಗಾಡಿ ಕೆಟ್ಟರೆ ಏನು ಗತಿ ಎಂದರು. ಪ್ಲಗ್ಗು ಬದಲಿಸುವುದು, ಪಂಕ್ಚರ್ ತೆಗೆಯುವುದು ಎರಡನ್ನೂ ಕಲಿತಿದ್ದೇನೆ ಎಂದಳು ಸೊಸೆ. ಮಂದಿ ಏನಂದಾರು ಎಂದರು. ಅವಳು ಚೈನಿಗೆ ಎಣ್ಣೆ ಬಿಡುತ್ತ ಕೂತಳು. ಪ್ರಭುಲಿಂಗಪ್ಪ ಬಾಕಿನ ಮೇಲಿದ್ದವರಿಗೂ ಕೇಳಲೆಂಬಂತೆ ಗಂಟಲು ಸರಿಮಾಡಿಕೊಂಡರು.

"ನಾ ಹೆಣ್ಣುಮಕ್ಕಳನ್ನ ಕಟ್ಟಿಹಾಕಾಂವ ಅಲ್ಲ. ಹೋಗು. ಆದ್ರ ಹಿಂದ ನಮ್ಮ ಮನಿ ಗಂಡಸೊಬ್ಬ ಕುಂತಿರಬೇಕು. ಇದು ನನ್ನ ಮಾತು."

ಅಲ್ಲಿಗೆ ಮುಗಿಯಿತು ಎಂದೇ ಅವರ ಎಣಿಕೆ. ಸೋಮವಾರದ ಪೇಟೆಗೆ ಭಾನುವಾರವೇ ಮಾಲು ಬಂದು ಬೀಳುತ್ತದೆ, ಅಂಗಡಿ ಬಿಟ್ಟು ಕದಲಕೂಡದು ಎಂದು ಮಗನಿಗೆ ಬೆಳಿಗ್ಗೆಯೇ ತಾಕೀತು ಮಾಡಿ ಬಂದಿದ್ದರು. ಮಗ ಹೂಂ ಎಂದಿದ್ದ. ಅವನು ಬೇರೇನು ಅಂದಾನು?

ಅದು ಶ್ರೀದೇವಿಗೆ ಗೊತ್ತಿತ್ತು. ಬೇಡ ಎನ್ನದೆಯೇ ಬೇಡ ಎಂದ ಆ ಜಾಣತನಕ್ಕೆ ಅವಳ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ನೋಡಿದ ಎಡಬದಿಯ ಬೇಲಿ, ಎಡಬದಿಯ ಗಟಾರು, ಎಡಬದಿಯ ಮೈಲಿಗಲ್ಲು ಎಲ್ಲ ನೆನಪಾದವು. ಹಳೆಯ ಬಟ್ಟೆಗೆ ಕೈ ಒರೆಸಿಕೊಂಡು ಎದ್ದು ನಿಂತಳು.

"ಮನಿ ಗಂಡಸೊಬ್ಬ ಹಿಂದ ಕುಂತ್ರ ನಿಮ್ಮದೇನೂ ತಕರಾರಿಲ್ಲಲ್ರಿ ಮಾವಾರ?"

"ಇಲ್ಲ ಅಂದ್ನೆಲ್ಲ," ಎಂದರು ಪ್ರಭುಲಿಂಗಪ್ಪ. ಗುತ್ತಲದ ರೈತರಿಬ್ಬರೂ ಹೌದೆಂದು ತಲೆಯಾಡಿಸಿದರು. ಈ ವರ್ಷದ ಮೆಣಸಿನಕಾಯಿಯನ್ನು ಪ್ರಭುಲಿಂಗಪ್ಪನವರ ಅಂಗಡಿಗೇ ಹಾಕಿದವರು ಆ ರೈತರು.

ಶ್ರೀದೇವಿ ಗೋಡೆಗೆ ಆನಿಸಿದ್ದ ಗಾರ್ಡನ್ನು ಎತ್ತಿ ಸಲಾವುದ್ದೀನನ ಕೈಗೆ ಕೊಟ್ಟಳು.

"ಇದನ್ನ ತಿರುಗಿ ಕುಂದರಸ್ರಿ ಅಣ್ಣಾರ. ಮಾವಾರ ಧೋತರ ಗಾಲ್ಯಾಗ ಸಿಗಬಾರದು."