ಎಳೆಯಬಾರದ ಬಟ್ಟೆ

ಸೂಜಿಯಡಿಯಿಂದ ಹೊರಬಂದ ತೋಳಿನ ಹೊಲಿಗೆ ಈ ಸಲವೂ ಅಲೆಅಲೆಯಾಗಿತ್ತು. ಲೋಸಾ ಬನಿಯನ್ ಬಟ್ಟೆಗೆ ಕೈ ಹಾಕಿದ್ದು ಇದೇ ಮೊದಲು. ಆಸ್ಟ್ರೇಲಿಯಾದ ತೋಟದಲ್ಲಿ ಕಿತ್ತಳೆ ಕೀಳುವ ಗಂಡ ಸೆಮಿಸಿ ಮುಂದಿನ ವಾರ ಟೊಂಗಾಕ್ಕೆ ಮರಳಿದಾಗ ತೊಡಲೆಂದು ಅಂಗಿ ಹೊಲಿಯಲು ಹಿಡಿದಿದ್ದಳು.

"ಮತ್ತೆ ಎಳೆದ್ಯಾ?" ಪಕ್ಕದಲ್ಲಿ ಕೂತು ಕಲಿಸುತ್ತಿದ್ದ ವೀಕಾ ಅತ್ತೆ ನಕ್ಕರು. "ಹಿಗ್ಗೋ ಬಟ್ಟೆ ಕಣೇ, ತಾನಾಗೇ ಸರೀತದೆ. ನೀನು ಎಳೆದ್ರೆ ಗಂಡ ಬೇಗ ಬಂದ್ಬಿಡ್ತಾನಾ?"

ಲೋಸಾ ತಲೆ ಎತ್ತಲಿಲ್ಲ. "ಬರಲ್ಲ ಅತ್ತೆ. ಬೆಳಿಗ್ಗೆ ಫೋನ್ ಮಾಡಿದ್ರು. ತೋಟದವರು ಇನ್ನೂ ಮೂರು ತಿಂಗಳು ಇರು ಅಂದ್ರಂತೆ."

ಅತ್ತೆಯ ನಗು ನಿಂತಿತು. ಅಂಗಿಯನ್ನು ಮೆಷಿನ್ನಿನಿಂದ ತೆಗೆದು ಅವಳ ಮಡಿಲಿಗಿಟ್ಟರು. "ಹಾಗಾದ್ರೆ ಬಿಚ್ಚಿ ಹೊಲಿ, ಮಗಳೇ. ಟೈಮಿದೆ."

ಲೋಸಾ ಬಿಚ್ಚಿ ಮತ್ತೆ ಮೆಷಿನ್ ತುಳಿದಳು. ಈ ಸಲ ಎಳೆಯಲಿಲ್ಲ. ಬಟ್ಟೆ ತನ್ನ ಪಾಡಿಗೆ, ತನಗೆಷ್ಟು ಬೇಕೋ ಅಷ್ಟೇ ನಿಧಾನವಾಗಿ, ಅವಳ ಬೆರಳಡಿಯಿಂದ ದೂರ ಸರಿಯಿತು.