ಬದುವಿನಾಚೆಯ ತೊಗರಿ

ತೊಗರಿಯ ಕುಡಿ ಚಿವುಟಿದರೆ ಇಳುವರಿ ಹೆಚ್ಚುತ್ತದೆಂದು ಊರಿಗೆ ತೋರಿಸಲು ಕೃಷಿ ವಿಶ್ವವಿದ್ಯಾಲಯದವರು ಮರೆಪ್ಪನ ಹೊಲವನ್ನು ಆರಿಸಿಕೊಂಡರು. ಪಕ್ಕದ ಹೊಲದ ಸಾಯಬಣ್ಣನ ಹೊಟ್ಟೆ ಉರಿದುಹೋಯಿತು. ಅಲ್ಲಿ ನಡೆದದ್ದನ್ನೆಲ್ಲ ಬದುವಿನ ಮೇಲೆ ನಿಂತು ನೋಡಿಕೊಂಡು, ಯಾರಿಗೂ ತಿಳಿಯದಂತೆ ತನ್ನ ತೊಗರಿಯ ಕುಡಿಯನ್ನೂ ಚಿವುಟಿದ.

ಕೊಯ್ಲಿಗೆ ಮುಂಚೆ ವಿಸ್ತರಣಾ ವಿಭಾಗದ ಪ್ರಾಧ್ಯಾಪಕರು ಬಂದಾಗ ಎರಡೂ ಹೊಲದ ಗಿಡಗಳು ಕಾಯಿಯ ಭಾರಕ್ಕೆ ಒಂದೇ ಸಮ ಬಾಗಿದ್ದವು.

"ಸಾಯಬಣ್ಣಾ, ನೀವೂ ಕುಡಿ ಚಿವುಟೀರೇನು?"

"ನಾ ಯಾಕ ಚಿವುಟ್ಲಿರಿ ಸಾಹೇಬ್ರ? ನಮ್ಮಪ್ಪನ ಕಾಲದ ಪದ್ಧತಿನೇ ನಂದು. ಮರೆಪ್ಪಗ ಮಾತ್ರ ನೀವು ಕೈ ಹಿಡಿದು ಕಲಿಸ್ಬೇಕಾತು ನೋಡ್ರಿ!"

ಮರೆಪ್ಪ ತಲೆ ತಗ್ಗಿಸಿದ. ಸಾಯಬಣ್ಣ ಮೀಸೆ ತಿರುವಿದ. ಪ್ರಾಧ್ಯಾಪಕರ ಮುಖ ಇಳಿಯಿತು.

"ಹಂಗಾದ್ರ ಚಿವುಟಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಅಂದಂಗಾತು. ಈ ಊರಾಗ ಯೋಜನೆ ಇಲ್ಲಿಗೇ ನಿಲ್ಲಸ್ತೀವಿ. ಸಾಯಬಣ್ಣಾ, ಮುಂದಿನ ವರ್ಷ ನಿಮ್ಮ ಹೊಲದಾಗ ಮಾಡೋರಿದ್ವಿ."